ಅಂಗೈಯಗಲದ ಉಗಿಯಂತ್ರ

ಪೊಳಲಿಯ ಚೆಂಡು, ಧರ್ಮಸ್ಥಳದ ಲಕ್ಷದೀಪ, ಊರ ದೇವಸ್ಥಾನದ ಆಯನ - ಜಾತ್ರೆ ಯಾವುದೇ ಇರಲಿ, ಸಂತೆಯ ಮೂಲೆಯೊಂದರಲ್ಲಿ ನೀರು ತುಂಬಿದ ಬೋಗುಣಿ, ಅದರಲ್ಲಿ ಪಟಪಟ ಸದ್ದು ಮಾಡುತ್ತ ಸುತ್ತುವ ತಗಡಿನ ದೋಣಿ ಹಿಂದೆಲ್ಲ ಮಕ್ಕಳನ್ನು ಹಿಡಿದು ನಿಲ್ಲಿಸುತ್ತಿತ್ತು. ಈಗಲೂ ಅಲ್ಲಲ್ಲಿ ಕಾಣಸಿಗುತ್ತದೆ. ಒಳಗೊಂದು ಪುಟ್ಟ ದೀಪ, ಅದರ ಮೇಲೆ ಚಪ್ಪಟೆ ತಗಡಿನ ಡಬ್ಬಿ, ಡಬ್ಬಿಯಿಂದ ಹಿಂದಕ್ಕೆ ಚಾಚಿದ ಎರಡು ಕೊಳವೆ. ಇಷ್ಟೇ. ಡಬ್ಬಿಯ ನೀರು ಕುದಿದು ಆವಿಯಾಗುತ್ತದೆ, ಆವಿ ಕೊಳವೆಯ ನೀರನ್ನು ಹೊರಕ್ಕೆ ನೂಕುತ್ತದೆ, ಮರುಕ್ಷಣವೇ ತಣಿದು ಕುಗ್ಗಿ ನೀರನ್ನು ಮತ್ತೆ ಒಳಕ್ಕೆಳೆಯುತ್ತದೆ. ಹೊರಗೆ ಹೋಗುವ ನೀರು ನೇರ ಹಿಂದಕ್ಕೆ ಚಿಮ್ಮುತ್ತದೆ, ಒಳಗೆ ಬರುವ ನೀರು ಎಲ್ಲ ದಿಕ್ಕಿನಿಂದ ಬರುತ್ತದೆ. ಹೀಗಾಗಿ ದೋಣಿ ಮುಂದಕ್ಕೇ ಹೋಗುತ್ತದೆ. 1891ರಲ್ಲಿ ಥಾಮಸ್ ಪಿಯೋ ಎಂಬಾತ ಇಂಥ ದೋಣಿಗೆ ಬ್ರಿಟನ್ನಿನಲ್ಲಿ ಪೇಟೆಂಟ್ ಪಡೆದಿದ್ದ. ಆಟಿಕೆ ಎಂದು ಮೂಗು ಮುರಿಯಬೇಕಾಗಿಲ್ಲ, ಚಲಿಸುವ ಭಾಗವೇ ಇಲ್ಲದ ಅಚ್ಚುಕಟ್ಟಾದ ಉಗಿಯಂತ್ರವಿದು.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯವರಿಗೆ ಉಗಿ ಅಪರಿಚಿತವೇನಲ್ಲ. ಕುಚ್ಚಲಕ್ಕಿ ಮಿಲ್ಲಿನಲ್ಲಿ ಉಮಿ ಉರಿಸಿ ಬಾಯ್ಲರ್ ಕಾಯಿಸಿ, ಆ ಆವಿಯಲ್ಲಿ ಭತ್ತ ಬೇಯಿಸುತ್ತಾರೆ. ಗೇರುಬೀಜದ ಕಾರ್ಖಾನೆಯಲ್ಲೂ ಬೀಜ ಬೇಯುವುದು ಆವಿಯಲ್ಲೇ. 1865ರಲ್ಲಿ ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದಾಗ ದುಡಿದದ್ದು ಎತ್ತುಗಳು, ಮುಂದೆ ಆ ಕೆಲಸಕ್ಕೆ ಉಗಿಯಂತ್ರ ಬಂತು. ಇಂದು ಬಾಯ್ಲರ್ ಉಳಿದಿದೆ, ಚಕ್ರ ತಿರುಗಿಸುವ ಕೆಲಸ ವಿದ್ಯುತ್ತಿನ ಮೋಟಾರಿಗೆ ಹೋಗಿದೆ. ಉಗಿಯ ಒತ್ತಡ ಚಕ್ರವನ್ನು ಹೇಗೆ ತಿರುಗಿಸುತ್ತದೆಂದು ಕಣ್ಣಾರೆ ನೋಡಬೇಕಾದರೆ ಹುಡುಗರು ಅದನ್ನು ತಾವೇ ಮಾಡಿಕೊಳ್ಳಬೇಕು.

ಮಾಡುವುದು ಅಸಾಧ್ಯವೇನಲ್ಲ. ಅಡಿಕೆ ತೋಟದ ಮನೆಗಳಲ್ಲಿ ಮದ್ದು ಬಿಡುವ ಪಂಪು ಇದ್ದೇ ಇದೆ. ಮಳೆಗಾಲಕ್ಕೆ ಮುನ್ನ ಅದನ್ನು ಬಿಚ್ಚಿ ವಾಷರ್ ಬದಲಿಸುವಾಗ ಪಕ್ಕದಲ್ಲಿ ಕುಳಿತ ಮಗುವಿಗೆ ಸಿಲಿಂಡರ್, ಪಿಸ್ಟನ್, ವಾಲ್ವ್ ಮೂರನ್ನೂ ಹೊಸದಾಗಿ ಪರಿಚಯಿಸಬೇಕಾಗಿಲ್ಲ. ಪಂಪಿನಲ್ಲಿ ಕೈ ಪಿಸ್ಟನ್ನನ್ನು ತಳ್ಳುತ್ತದೆ, ಎಂಜಿನ್ನಿನಲ್ಲಿ ಪಿಸ್ಟನ್ ಚಕ್ರವನ್ನು ತಳ್ಳುತ್ತದೆ.

ಮೊದಲ ಪ್ರಯತ್ನಕ್ಕೆ ಒಪ್ಪುವುದು ತೂಗಾಡುವ ಸಿಲಿಂಡರಿನ ಎಂಜಿನ್. ಇದರಲ್ಲಿ ಬೇರೆ ವಾಲ್ವ್ ಇಲ್ಲ. ಹತ್ತು ಹನ್ನೆರಡು ಮಿಲಿಮೀಟರ್ ಒಳವ್ಯಾಸದ ಹಿತ್ತಾಳೆ ಕೊಳವೆಯೇ ಸಿಲಿಂಡರ್. ಅದರ ಚಪ್ಪಟೆ ಬದಿಗೊಂದು ತೂತು. ಆ ಬದಿ ನಿಂತ ಫಲಕವೊಂದಕ್ಕೆ ಸ್ಪ್ರಿಂಗಿನ ಬಿಗಿತದಿಂದ ಒತ್ತಿಕೊಂಡಿರುತ್ತದೆ. ಫಲಕದಲ್ಲಿ ಎರಡು ತೂತು: ಒಂದರಿಂದ ಉಗಿ ಬರಬೇಕು, ಇನ್ನೊಂದರಿಂದ ಹೋಗಬೇಕು. ಚಕ್ರ ತಿರುಗಿದಂತೆ ಸಿಲಿಂಡರ್ ತೊಟ್ಟಿಲಿನಂತೆ ಅತ್ತಿತ್ತ ತೂಗುತ್ತದೆ, ಅದರ ತೂತು ಒಮ್ಮೆ ಈ ಬಾಗಿಲಿಗೆ, ಒಮ್ಮೆ ಆ ಬಾಗಿಲಿಗೆ ಸರಿಯಾಗಿ ಬಂದು ನಿಲ್ಲುತ್ತದೆ. ಸುತ್ತಿಗೆ ಒಂದೇ ತಳ್ಳು, ಉಳಿದರ್ಧ ಸುತ್ತನ್ನು ಭಾರವಾದ ಚಕ್ರವೇ ತನ್ನ ಓಟದಿಂದ ದಾಟಿಸಬೇಕು.

ಕೇಳುವುದಕ್ಕೆ ಸುಲಭ. ಕಷ್ಟವೆಲ್ಲ ಪಿಸ್ಟನ್ ಕೂರಿಸುವಲ್ಲಿದೆ. ತುದಿಯ ತೂತನ್ನು ಬೆರಳಿನಿಂದ ಮುಚ್ಚಿದಾಗ ಪಿಸ್ಟನ್ ಗಾಳಿಯ ಮೇಲೆ ತೇಲಿದಂತೆ ನಿಲ್ಲಬೇಕು, ಬೆರಳು ತೆಗೆದರೆ ತನ್ನ ಭಾರಕ್ಕೇ ಜಾರಬೇಕು. ಲೇತ್ ಇರುವ ವರ್ಕ್‌ಶಾಪಿನಲ್ಲಿ ಕಡೆಸಿ ತಂದರೂ ಕೊನೆಯ ಒಂದು ಕೂದಲೆಳೆಯನ್ನು ಹಿತ್ತಾಳೆ ಪಾಲಿಶ್ ಹಚ್ಚಿ ಕೈಯಲ್ಲೇ ತಿಕ್ಕಬೇಕು. ಎರಡು ದಿನ ಹಿಡಿದೀತು, ಎರಡು ವಾರವೂ ಹಿಡಿದೀತು. ಮಾಡಿದ ಎಂಜಿನ್ನಿಗೆ ಮೊದಲು ಬೆಂಕಿ ಬೇಡ. ಸ್ಕೂಟರಿನ ಚಕ್ರದಲ್ಲಿ ತುಂಬಿದ ಗಾಳಿಯಿಂದ ಓಡಿಸಿ ನೋಡಿದರೆ ಸಾಕು, ತಪ್ಪುಗಳೆಲ್ಲ ಹೊರಬೀಳುತ್ತವೆ.

ವಿಜ್ಞಾನ ಮೇಳಗಳಲ್ಲಿ ಅಂಗಡಿಯಿಂದ ತಂದ ಮಾದರಿಗಳನ್ನು ಥರ್ಮೊಕೋಲಿನ ಮೇಲೆ ಅಂಟಿಸಿಟ್ಟಿರುತ್ತಾರೆ. ಅವು ಎಂದೂ ಕೆಡುವುದಿಲ್ಲ. ಕೆಡುವ ಮಾದರಿಯ ಬೆಲೆ ಏನೆಂಬುದಕ್ಕೆ ಜೇಮ್ಸ್ ವಾಟ್‌ನ ಕಥೆ ಸಾಕು. 1763ರ ಚಳಿಗಾಲದಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಉಪಕರಣ ರಿಪೇರಿ ಮಾಡುತ್ತಿದ್ದ ಆತನ ಮೇಜಿಗೆ ಬಂದದ್ದು ನ್ಯೂಕೊಮೆನ್ ಎಂಜಿನ್ನಿನ ಪುಟ್ಟ ಮಾದರಿ. ಸಿಲಿಂಡರಿನ ಅಗಲ ಎರಡೇ ಅಂಗುಲ. ರಿಪೇರಿಯ ಮೇಲೂ ಅದು ನಾಲ್ಕಾರು ಸಲ ಆಡಿ ಆವಿ ಸಾಲದೆ ನಿಂತುಬಿಡುತ್ತಿತ್ತು. ದೊಡ್ಡ ಎಂಜಿನ್ ಓಡುವಾಗ ಚಿಕ್ಕದೇಕೆ ನಿಲ್ಲಬೇಕು? ಉದ್ದಗಲ ಎತ್ತರ ಅರ್ಧವಾದರೆ ಒಳಗಿನ ಜಾಗ ಎಂಟನೇ ಒಂದಾಗುತ್ತದೆ, ಗೋಡೆಯ ವಿಸ್ತಾರ ನಾಲ್ಕನೇ ಒಂದು ಮಾತ್ರ. ಎಂದರೆ ಚಿಕ್ಕ ಎಂಜಿನ್ನಿನಲ್ಲಿ ಆವಿಯ ಪಾಲಿಗೆ ತಣ್ಣನೆಯ ಗೋಡೆ ಹೆಚ್ಚು. ಪ್ರತಿ ಸಲವೂ ಸಿಲಿಂಡರನ್ನೇ ತಣಿಸಿ ಮತ್ತೆ ಕಾಯಿಸುವುದರಲ್ಲಿ ಆವಿಯ ಬಹುಪಾಲು ಪೋಲಾಗುತ್ತಿತ್ತು. ದೊಡ್ಡ ಎಂಜಿನ್ನಿನಲ್ಲೂ ಇದೇ ದೋಷವಿತ್ತು, ಆದರೆ ಕಲ್ಲಿದ್ದಲು ಗಣಿಯ ಬಾಯಲ್ಲೇ ಇದ್ದುದರಿಂದ ಯಾರಿಗೂ ಅದು ಅಷ್ಟಾಗಿ ಚುಚ್ಚಿರಲಿಲ್ಲ. ಆವಿಯನ್ನು ಬೇರೆಯೇ ಪಾತ್ರೆಯಲ್ಲಿ ತಣಿಸುವ ಉಪಾಯ ವಾಟ್‌ಗೆ 1765ರಲ್ಲಿ ಹೊಳೆಯಿತು, 1769ರಲ್ಲಿ ಪೇಟೆಂಟ್ ಸಿಕ್ಕಿತು.

ಇನ್ನು ತಂದೆತಾಯಂದಿರು ಕಿವಿಗೊಟ್ಟು ಕೇಳಬೇಕಾದ ಮಾತು, ಬಾಯ್ಲರಿನದು. ಎಂಜಿನ್ ಕೆಟ್ಟರೆ ನಿಲ್ಲುತ್ತದೆ, ಬಾಯ್ಲರ್ ಕೆಟ್ಟರೆ ಸಿಡಿಯುತ್ತದೆ. ನೀರು ಆವಿಯಾದರೆ ಸುಮಾರು 1,600 ಪಟ್ಟು ಹಿಗ್ಗುತ್ತದೆ. ಐದು ಸೆಂಟಿಮೀಟರ್ ವ್ಯಾಸದ ಪುಟ್ಟ ಬಾಯ್ಲರಿನಲ್ಲಿ ಚದರ ಸೆಂಟಿಮೀಟರಿಗೆ ಎರಡು ಕಿಲೋ ಒತ್ತಡವಿದೆ ಎನ್ನಿ. ಮುಚ್ಚಳದ ವಿಸ್ತಾರ ಇಪ್ಪತ್ತು ಚದರ ಸೆಂಟಿಮೀಟರಿಗೆ ತುಸು ಕಡಿಮೆ, ಅದರ ಮೇಲಿನ ಬಲ ಸುಮಾರು 39 ಕಿಲೋ. ಏಳನೇ ತರಗತಿಯ ಹುಡುಗನೊಬ್ಬ ಒಳಗಿನಿಂದ ಮುಚ್ಚಳವನ್ನು ಒದೆಯುತ್ತ ನಿಂತ ಹಾಗೆ! ಹಾಲಿನ ಪುಡಿಯ ಡಬ್ಬಿ, ಬಣ್ಣದ ಡಬ್ಬಿ ಇದಕ್ಕೆ ಸರ್ವಥಾ ಕೂಡದು. ರೇಡಿಯೋ ರಿಪೇರಿಯ ತವರ-ಸೀಸದ ಬೆಸುಗೆ ಸುಮಾರು 183 ಡಿಗ್ರಿಗೆ ಕರಗುತ್ತದೆ. ಒಳಗೆ ನೀರಿರುವ ತನಕ ಅದು ತಾಳೀತು, ನೀರು ಬತ್ತಿ ತಗಡು ಕಾದ ಕೂಡಲೇ ಬಿಟ್ಟುಕೊಳ್ಳುತ್ತದೆ. ಬಾಯ್ಲರಿಗೆ ಬೇಕಾದದ್ದು ತಾಮ್ರದ ಕೊಳವೆ, ಬೆಳ್ಳಿ ಬೆರೆತ ಬೆಸುಗೆ, ಒತ್ತಡದ ಮಾಪಕ, ಕುಕ್ಕರಿನಲ್ಲಿರುವಂಥ ರಕ್ಷಣಾ ವಾಲ್ವ್. ಬೆಸುಗೆಯನ್ನು ಬಲ್ಲವರ ಕೈಯಲ್ಲೇ ಹಾಕಿಸಬೇಕು.

ಕಾನೂನು ಇಲ್ಲಿ ನೆರವಿಗೆ ಬರುವುದಿಲ್ಲ. 1923ರ ಬಾಯ್ಲರ್ ಕಾಯ್ದೆಯ ಜಾಗಕ್ಕೆ 2025ರಲ್ಲಿ ಹೊಸ ಕಾಯ್ದೆ ಬಂದಿದೆ, 25 ಲೀಟರಿಗಿಂತ ಕಡಿಮೆ ಹಿಡಿಯುವ ಬಾಯ್ಲರ್ ಅದರ ವ್ಯಾಪ್ತಿಗೆ ಸೇರಿಲ್ಲ. ಮಿಲ್ಲಿನ ಬಾಯ್ಲರನ್ನು ಪರೀಕ್ಷಿಸಲು ಇನ್‌ಸ್ಪೆಕ್ಟರ್ ಬರುತ್ತಾರೆ, ಮನೆಯ ಅರ್ಧ ಲೀಟರಿನದಕ್ಕೆ ಮನೆಯವರೇ ಇನ್‌ಸ್ಪೆಕ್ಟರು. ಪರೀಕ್ಷೆಯ ಕ್ರಮ ಮಾತ್ರ ಒಂದೇ: ಗಾಳಿಯ ಗುಳ್ಳೆ ಉಳಿಯದಂತೆ ತಣ್ಣೀರು ತುಂಬಿ, ಕೈಪಂಪಿನಿಂದ ಓಡಿಸುವ ಒತ್ತಡದ ಎರಡರಷ್ಟಕ್ಕೆ ಏರಿಸಿ, ಹತ್ತು ನಿಮಿಷ ಮಾಪಕದ ಮುಳ್ಳು ನೋಡುವುದು. ನೀರು ಕುಗ್ಗುವ ವಸ್ತುವಲ್ಲವಾದ್ದರಿಂದ ಅದರಲ್ಲಿ ಶಕ್ತಿ ಅಡಗಿ ಕೂರುವುದಿಲ್ಲ. ಬೆಸುಗೆ ಬಿಟ್ಟರೆ ನೆಲ ಒದ್ದೆಯಾಗುತ್ತದೆ, ಅಷ್ಟೇ. ಅಡಿಕೆಯ ಪಂಪನ್ನೇ ಚೆನ್ನಾಗಿ ತೊಳೆದು, ಮಾಪಕ ಜೋಡಿಸಿ, ಮೆಲ್ಲಗೆ ಒತ್ತಿ ಈ ಕೆಲಸಕ್ಕೆ ಬಳಸಬಹುದು. ಇದರಲ್ಲಿ ತೇರ್ಗಡೆಯಾದ ಮೇಲೆಯೇ ಬೆಂಕಿ, ಅದೂ ದೊಡ್ಡವರೊಬ್ಬರು ಪಕ್ಕದಲ್ಲಿರುವಾಗ.

ಶಾಲಾ ಪ್ರವಾಸ ಮೈಸೂರಿಗೆ ಹೋದರೆ 1979ರಲ್ಲಿ ತೆರೆದ ಅಲ್ಲಿನ ರೈಲ್ವೆ ಮ್ಯೂಸಿಯಂ ಬಿಡಬಾರದು. ಉಗಿ ಎಂಜಿನ್ನಿನ ಎದುರು ಫೋಟೋ ತೆಗೆಸಿಕೊಂಡಾದ ಮೇಲೆ ಎರಡೂ ಬದಿಗೆ ನಡೆದು, ಚಕ್ರಕ್ಕೆ ದಂಡ ಎಲ್ಲಿ ಕೂಡಿದೆ ಎಂದು ನೋಡಿ. ಒಂದು ಬದಿಯದು ಮೇಲಿದ್ದರೆ ಇನ್ನೊಂದು ಬದಿಯದು ಕಾಲು ಸುತ್ತು ಹಿಂದೆಯೋ ಮುಂದೆಯೋ ಇರುತ್ತದೆ. ಹೀಗೇಕೆಂಬುದು, ಮನೆಯಲ್ಲಿ ಮಾಡಿದ ಒಂಟಿ ಸಿಲಿಂಡರಿನ ಎಂಜಿನ್ನಿಗೆ ಪ್ರತಿ ಸಲವೂ ಬೆರಳು ತಾಗಿಸಿ ಚಾಲನೆ ಕೊಟ್ಟವರಿಗೆ ತಟ್ಟನೆ ಹೊಳೆಯುತ್ತದೆ.