ಕೀಲಿ ಇಸ್ಕೊಳ್ಳೂ ಮುಂಚೆ ಕೊಟೇಶನ್ ಓದ್ರಿ

ರೋಣ, ನರಗುಂದ, ಗಜೇಂದ್ರಗಡದ ಮಂದಿ, ಕಾರ್ ತಗೊಳ್ಳಾಕ ಗದಗ, ಹುಬ್ಬಳ್ಳಿಗೆ ಹೊಂಟೀರೇನ್ರಿ? ಒಂದ್ ನಿಮಿಷ ನಿಂದರ್ರಿ.

ಎಕ್ಸ್‌ಶೋರೂಮ್ ರೇಟಿನ್ಯಾಗ ಜಿಎಸ್‌ಟಿ ಆಗಲೇ ಸೇರಿರ್ತೈತಿ. ಅದರ ಮ್ಯಾಲೆ ಖರೇ ಖರ್ಚಂದ್ರ ರಸ್ತೆ ತೆರಿಗೆ, ಕೆಎ-26 ನೋಂದಣಿ, ಇನ್ಶೂರೆನ್ಸ್, ಫಾಸ್ಟ್ಯಾಗ್.

‘ಹ್ಯಾಂಡ್ಲಿಂಗ್ ಚಾರ್ಜ್’ ಅಂತ ಬರದಾರೇನು? ಯಾತಕ್ಕಂತ ಕೇಳ್ರಿ, ತಗಸ್ರಿ. ಗಾಡಿ ಶೋರೂಮಿಗೆ ತರೂದು ಅವರ ಕೆಲಸ, ನಿಮ್ಮದಲ್ಲ.

ಇನ್ಶೂರೆನ್ಸ್ ಅಲ್ಲೇ ಮಾಡಿಸಬೇಕಂತ ಕಾಯ್ದೆ ಇಲ್ಲ. ಹೊರಗ ಎರಡು ಕಡೆ ರೇಟ್ ಕೇಳ್ರಿ.

ಮ್ಯಾಟು, ಸೀಟ್ ಕವರ್, ಕೋಟಿಂಗ್, ಹೆಚ್ಚುವರಿ ವಾರಂಟಿ ಎಲ್ಲಾ ನಿಮ್ಮ ಮರ್ಜಿ.

10 ಲಕ್ಷ ದಾಟಿದ ಕಾರಿಗೆ 1% ಟಿಸಿಎಸ್ ಅನ್ನೂ ತೆರಿಗೆ ಹಿಡೀತಾರ. ಅದು ಹೋದ ರೊಕ್ಕಲ್ಲ. ಐಟಿ ರಿಟರ್ನ್ಸ್ ತುಂಬಿದಾಗ ನಿಮ್ಮ ಲೆಕ್ಕಕ್ಕ ಜಮಾ.

ಮೋಸ ಅನ್ನಿಸಿದ್ರ ಗ್ರಾಹಕ ಸಹಾಯವಾಣಿ 1915ಕ್ಕ ಫೋನ್ ಹಚ್ಚ್ರಿ. ರಸೀದಿ ಇಲ್ಲದ ರೊಕ್ಕ ಮಾತ್ರ ಕೊಡಬ್ಯಾಡ್ರಿ!