ದುಬೈ ಸಂಬಳ: ಕೂಡಿಸುವವರೇ ಎಲ್ಲ, ಕಳೆಯುವವರು ಯಾರು?

ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಕೇಳಿ ನೋಡಿ. ಮನೆಯವರೋ, ನೆಂಟರೋ, ನೆರೆಯವರೋ ಒಬ್ಬರು ಗಲ್ಫಿನಲ್ಲಿ ಇದ್ದೇ ಇರ್ತಾರೆ. ಭಟ್ಕಳ, ಕುಂದಾಪುರ, ಉಡುಪಿ, ಸುರತ್ಕಲ್ ಎಲ್ಲ ಕಡೆ ಇದೇ ಕಥೆ.

ಯಾಕೆ ಹೋಗ್ತಾರೆ? ಅರ್ಥಶಾಸ್ತ್ರದ ಮೊದಲ ಪಾಠದಲ್ಲೇ ಉತ್ತರ ಇದೆ. ಬಂಗುಡೆ ಕಮ್ಮಿ ಬಂದ ದಿನ ರೇಟು ಏರುತ್ತೆ, ರಾಶಿ ಬಿದ್ದ ದಿನ ಇಳಿಯುತ್ತೆ. ದುಡಿಮೆಯ ರೇಟೂ ಹಾಗೇ. 1973ರ ಕೊನೆಗೆ ಕಚ್ಚಾ ಎಣ್ಣೆಯ ಬೆಲೆ ಕೆಲವೇ ತಿಂಗಳಲ್ಲಿ ಸುಮಾರು ನಾಲ್ಕು ಪಟ್ಟಾಯಿತು. ಗಲ್ಫ್ ದೇಶಗಳ ಬೊಕ್ಕಸ ತುಂಬಿತು. ರಸ್ತೆ, ಬಂದರು, ಕಟ್ಟಡ ಎದ್ದವು. ಅಲ್ಲಿ ದುಡ್ಡಿತ್ತು, ದುಡಿಯುವ ಕೈ ಸಾಲದು. ಇಲ್ಲಿ ಕೈಗಳಿದ್ದವು, ಕೆಲಸ ಸಾಲದು.

ಇನ್ನೊಂದು ಸೋಜಿಗ ಕೇಳಿ. ಒಂದು ಕಾಲಕ್ಕೆ ದುಬೈಯಲ್ಲಿ ನಮ್ಮ ರೂಪಾಯಿಯೇ ಓಡ್ತಿತ್ತು. 1959ರಲ್ಲಿ ಆ ಕಡೆಗೆಂದೇ ರಿಸರ್ವ್ ಬ್ಯಾಂಕು ಬೇರೆ ನೋಟು ತಂದಿತ್ತು. 1966ರ ಜೂನ್‌ನಲ್ಲಿ ಡಾಲರಿನ ರೇಟು 4.76 ರೂಪಾಯಿಯಿಂದ 7.50ಕ್ಕೆ ಹೋಯಿತು. ಕೈಲಿದ್ದ ನೋಟಿನ ಬೆಲೆ ಕುಸಿದದ್ದೇ ತಡ, ಅಲ್ಲಿಯವರು ರೂಪಾಯಿಗೆ ದೊಡ್ಡ ನಮಸ್ಕಾರ ಹಾಕಿದರು. ಈಗ ಅವರ ದಿರ್ಹಮ್ ಎಣಿಸುವ ಸರದಿ ನಮ್ಮದು.

ರೂಪಾಯಿ ಬಿದ್ದಷ್ಟೂ ಗಲ್ಫ್ ಸಂಬಳ ಇಲ್ಲಿ ಉಬ್ಬುತ್ತೆ. ಚಿನ್ನದಂಗಡಿ, ಸಿಮೆಂಟ್ ಅಂಗಡಿಯವರಿಗೆ ಖುಷಿ. ಆದರೆ ಹೊರಗಿಂದ ತರಿಸುವ ಕಚ್ಚಾ ಎಣ್ಣೆ, ತಾಳೆಎಣ್ಣೆಯೂ ತುಟ್ಟಿ. ಗಲ್ಫಿನಲ್ಲಿ ಯಾರೂ ಇಲ್ಲದ ಮನೆಗೆ ಬರೀ ತುಟ್ಟಿಯೇ ಪಾಲು! 1990ರ ಆಗಸ್ಟಿನಲ್ಲಿ ಇರಾಕ್ ಕುವೈತಿಗೆ ನುಗ್ಗಿತು. ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ವಿಮಾನದಲ್ಲಿ ಕರೆತರಬೇಕಾಯಿತು. ಹೊರಗಿನ ದುಡ್ಡನ್ನೇ ನಂಬಿದ ಮನೆ, ಅಂಗಡಿ ಇದನ್ನು ಮರೆಯಬಾರದು.

ಈಗ ಹೊರಟು ನಿಂತ ಹುಡುಗರ ಲೆಕ್ಕಕ್ಕೆ ಬರೋಣ. ಇಲ್ಲಿ ತಿಂಗಳಿಗೆ 15,000 ದುಡಿಯುವವನಿಗೆ ಅಲ್ಲಿ 25,000 ಅಂತಿಟ್ಟುಕೊಳ್ಳಿ. ಲಾಭ 25,000 ಅಲ್ಲ ಸ್ವಾಮೀ, 10,000. ಬಿಟ್ಟುಹೋದ ಸಂಬಳ ಕಳೆಯಲೇಬೇಕು. ಅಲ್ಲಿನ ಊಟ, ಫೋನು, ಓಡಾಟಕ್ಕೆ ಹೆಚ್ಚಿಗೆ 5,000 ಹೋದರೆ ಉಳಿಯೋದು 5,000. ಏಜೆಂಟನ ಕೈಗೆ ಕೊಡಲು ತಿಂಗಳಿಗೆ ನೂರಕ್ಕೆ ಮೂರರ ಬಡ್ಡಿಯಲ್ಲಿ ಒಂದು ಲಕ್ಷ ಸಾಲ ಮಾಡಿದ್ದರೆ ಮೊದಲ ತಿಂಗಳ ಬಡ್ಡಿಯೇ 3,000. ಅಸಲಿಗೆ ಸೇರುವುದು 2,000. ಹೀಗೇ ಕಟ್ಟುತ್ತಾ ಹೋದರೆ ಸಾಲ ತೀರಲು ಎರಡೂವರೆ ವರ್ಷ ಬೇಕು. ವೀಸಾ ಎರಡೇ ವರ್ಷದ್ದಾದರೆ? ದುಡಿದದ್ದು ಸಾಹುಕಾರನಿಗೆ.

ಹೋಗಬೇಡಿ ಅಂತ ಯಾರೂ ಹೇಳುತ್ತಿಲ್ಲ. ಗಲ್ಫ್ ದುಡ್ಡಿನಿಂದ ಮನೆ ಎದ್ದಿದೆ, ತಂಗಿಯರ ಮದುವೆ ಆಗಿದೆ, ಮಕ್ಕಳು ಓದಿದ್ದಾರೆ. ಆದರೆ 1983ರ ವಲಸೆ ಕಾಯ್ದೆಯಡಿ ನೋಂದಣಿ ಇಲ್ಲದ ಏಜೆಂಟ್ ಆಳು ಕಳಿಸುವಂತಿಲ್ಲ. ನೋಂದಣಿ ನಂಬರು ಕೇಳಿ, ಕೊಟ್ಟ ಹಣಕ್ಕೆ ರಸೀದಿ ಕೇಳಿ, ಕರಾರುಪತ್ರ ಓದಿಸಿಕೊಳ್ಳಿ. ನಂಬರು ಹೇಳಲು ತಡವರಿಸಿದರೆ ಎದ್ದು ಬನ್ನಿ. ಬಸ್ ಚಾರ್ಜಷ್ಟೇ ನಷ್ಟ.