ನೆಲದ ಮೇಲೆ ನಿಂತು ಕಲಿಸುವ ಅಶ್ವವಿದ್ಯೆ

ಕುದುರೆ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಅದರ ಬೆನ್ನೇರಿದ ಸವಾರ. ದಸರೆಯ ಮೆರವಣಿಗೆಯಲ್ಲಿ ಸಾಲಾಗಿ ಸಾಗುವ ಅಶ್ವದಳವಾಗಲಿ, ಊರ ನಡುವಣ ವೃತ್ತದಲ್ಲಿ ಖಡ್ಗವನ್ನೆತ್ತಿ ನಿಂತ ವೀರನ ಪ್ರತಿಮೆಯಾಗಲಿ, ಮನುಷ್ಯ ಮೇಲೆ, ಪ್ರಾಣಿ ಕೆಳಗೆ. ಆದರೆ ಕುದುರೆಯ ಶಿಕ್ಷಣದಲ್ಲಿ ಬಹು ಸೂಕ್ಷ್ಮವಾದ ಒಂದು ಭಾಗವುಂಟು. ಅಲ್ಲಿ ಕಲಿಸುವವನು ಜೀನಿನ ಮೇಲೆ ಕೂರುವುದೇ ಇಲ್ಲ. ಕುದುರೆಯ ಭುಜದ ಪಕ್ಕದಲ್ಲಿ ನೆಲದ ಮೇಲೆ ನಿಂತು, ಒಂದು ಕೈಯಲ್ಲಿ ಲಗಾಮನ್ನೂ ಇನ್ನೊಂದು ಕೈಯಲ್ಲಿ ತೆಳುವಾದ ಬೆತ್ತವನ್ನೂ ಹಿಡಿದು, ಅದರೊಡನೆ ಹೆಜ್ಜೆ ಹಾಕುತ್ತಾನೆ. ಯೂರೋಪಿನ ಶಾಸ್ತ್ರೀಯ ಅಶ್ವಶಾಲೆಗಳಲ್ಲಿ ಇದನ್ನು 'ಕೈಯಲ್ಲಿ ಹಿಡಿದು ಮಾಡಿಸುವ ಕೆಲಸ' ಎಂದು ಕರೆಯುತ್ತಾರೆ.

ಈ ವಿದ್ಯೆಯನ್ನು ಹೇಳಿಕೊಡುವ ಗ್ರಂಥಗಳು ಅನೇಕ. ಆದರೆ ಐನೂರು ಕಿಲೋ ತೂಗುವ, ಬೆದರುವ ಸ್ವಭಾವದ ಜೀವಿಯೊಂದನ್ನು ಪುಸ್ತಕ ನೋಡಿ ಪಳಗಿಸಬಹುದೆ? ಅಡುಗೆಯ ಪುಸ್ತಕವನ್ನು ತಪ್ಪಾಗಿ ಓದಿದರೆ ಕೆಡುವುದು ಒಂದು ಹೊತ್ತಿನ ಸಾರು. ಇಲ್ಲಿ ತಪ್ಪಾಗಿ ಓದಿದರೆ ಅದರ ದಂಡವನ್ನು ತೆರುವುದು ಓದಿದವನಲ್ಲ. ಓದಲಾರದ, ನೋವನ್ನು ಹೇಳಿಕೊಳ್ಳಲಾರದ ಪ್ರಾಣಿ.

ಮಣ್ಣಿನ ಹಲಗೆಗಳಿಂದ ಮೊದಲು

ಕುದುರೆಯ ತರಬೇತಿಯನ್ನು ಬರೆದಿಡುವ ಆಸೆ ಬಹಳ ಹಳೆಯದು. ಕ್ರಿಸ್ತಪೂರ್ವ 14ನೆಯ ಶತಮಾನದಲ್ಲಿ ಮಿತನ್ನಿ ದೇಶದ ಕಿಕ್ಕುಲಿ ಎಂಬ ಅಶ್ವಶಿಕ್ಷಕನ ಪಾಠಗಳನ್ನು ಹಿತ್ತೈಟ್ ಭಾಷೆಯಲ್ಲಿ ಮಣ್ಣಿನ ಹಲಗೆಗಳ ಮೇಲೆ ಬರೆದಿಡಲಾಯಿತು. ಇಂದಿನ ತುರ್ಕಿಯಲ್ಲಿರುವ ಹತ್ತುಷಾ ನಗರದ ಅವಶೇಷಗಳಲ್ಲಿ ಅವು ದೊರೆತವು. ರಥದ ಕುದುರೆಗಳಿಗೆ ಯಾವ ದಿನ ಎಷ್ಟು ಓಟ, ಎಷ್ಟು ಮೇವು, ಎಷ್ಟು ನೀರು ಎಂಬ ದಿನಚರಿ ಅದು. ಭಾರತೀಯ ಓದುಗರಿಗೆ ಅದರಲ್ಲಿ ಒಂದು ಅಚ್ಚರಿ ಕಾದಿದೆ. ಒಂದು ಸುತ್ತು, ಐದು ಸುತ್ತು, ಏಳು ಸುತ್ತು ಎನ್ನಲು ಅಲ್ಲಿ ಬರುವ ಪದಗಳು 'ಐಕ', 'ಪಂಜ', 'ಸತ್ತ' ಎಂಬವುಗಳಿಂದ ಮೊದಲಾಗುತ್ತವೆ. ನಮ್ಮ ಏಕ, ಪಂಚ, ಸಪ್ತಗಳ ಸೋದರರನ್ನು ಗುರುತಿಸಲು ಪಂಡಿತರೇ ಬೇಕಿಲ್ಲ.

ಕುದುರೆಯ ಮೈಯಷ್ಟೇ ಅಲ್ಲದೆ ಮನಸ್ಸನ್ನೂ ಗಮನಿಸಿದ ಗ್ರಂಥವೆಂದರೆ ಗ್ರೀಸಿನ ಕ್ಸೆನೊಫೋನನದು. ಸಾಕ್ರೆಟೀಸನ ಶಿಷ್ಯನೂ ಸೇನಾನಿಯೂ ಆಗಿದ್ದ ಈತ ಕ್ರಿಸ್ತಪೂರ್ವ 4ನೆಯ ಶತಮಾನದಲ್ಲಿ ಸವಾರಿಯ ಕಲೆಯನ್ನು ಕುರಿತು ಒಂದು ಕಿರುಗ್ರಂಥ ಬರೆದನು. ಕೋಪ ಬಂದಾಗ ಕುದುರೆಯ ಬಳಿ ಸುಳಿಯಬಾರದೆಂಬುದು ಅವನ ಮುಖ್ಯ ಉಪದೇಶ. ಮರಿಗುದುರೆಗೆ ಹಸಿವು, ಬಾಯಾರಿಕೆ, ನೊಣಗಳ ಕಾಟ ಇವು ಒಂಟಿತನದ ಜೊತೆಗೂ, ಅವುಗಳ ಪರಿಹಾರ ಮನುಷ್ಯನ ಜೊತೆಗೂ ಹೊಂದಿಕೊಳ್ಳುವಂತೆ ಮಾಡಬೇಕೆನ್ನುತ್ತಾನೆ. ಕುದುರೆಯನ್ನು ಮುಂದೆ ನಿಂತು ಎಳೆದೊಯ್ಯಬಾರದು, ಅದನ್ನೇ ಮುಂದೆ ಬಿಟ್ಟು ಹಿಂದೆಯೂ ಹೋಗಬಾರದು. ಪಕ್ಕದಲ್ಲಿ ನಡೆಯಬೇಕೆಂಬುದೂ ಅವನ ಮಾತು. ಇಪ್ಪತ್ತಮೂರು ಶತಮಾನಗಳು ಕಳೆದ ಮೇಲೂ ನೆಲದ ಪಾಠದ ಮೊದಲನೆಯ ಹೆಜ್ಜೆ ಇದೇ.

ಇದಕ್ಕೆ ಶರೀರಶಾಸ್ತ್ರದ ಬೆಂಬಲವಿದೆ. ಕುದುರೆಯ ಕಣ್ಣುಗಳಿರುವುದು ತಲೆಯ ಎರಡು ಪಕ್ಕಗಳಲ್ಲಿ. ಸುತ್ತಲಿನ ಬಹುಭಾಗವನ್ನು ಅದು ತಲೆ ತಿರುಗಿಸದೆಯೇ ಕಾಣಬಲ್ಲದು. ಆದರೆ ಹಣೆಯ ನೇರ ಮುಂದೆಯೂ ಬಾಲದ ನೇರ ಹಿಂದೆಯೂ ಅದಕ್ಕೆ ಕುರುಡು ಜಾಗಗಳುಂಟು. ಭುಜದ ಬಳಿ ನಿಂತ ಮನುಷ್ಯ ಅದಕ್ಕೆ ಚೆನ್ನಾಗಿ ಕಾಣುತ್ತಾನೆ. ಅದು ಬೆದರಿ ಮುನ್ನುಗ್ಗಿದರೂ ಕಾಲ್ತುಳಿತಕ್ಕೆ ಸುಲಭವಾಗಿ ಸಿಕ್ಕುವುದಿಲ್ಲ.

ಅರಸನ ಪ್ರಶ್ನೆ, ಗುರುವಿನ ಉತ್ತರ

ಮಧ್ಯಯುಗ ಕಳೆದು ಯೂರೋಪಿನಲ್ಲಿ ಈ ವಿದ್ಯೆ ಮತ್ತೆ ಚಿಗುರಿದಾಗ ಕ್ಸೆನೊಫೋನನ ಮೃದುತ್ವ ಒಡನೆಯೇ ಮರಳಿ ಬರಲಿಲ್ಲ. 1550ರಲ್ಲಿ ಪ್ರಕಟವಾದ ಇಟಲಿಯ ಫೆಡರಿಕೊ ಗ್ರಿಸೋನೆಯ ಗ್ರಂಥ ಬಹಳ ಪ್ರಸಿದ್ಧವಾಯಿತು. ಅದರಲ್ಲಿನ ಕಠಿಣ ಶಿಕ್ಷೆಗಳೂ ಅಷ್ಟೇ ಪ್ರಸಿದ್ಧವಾದವು. ಈ ದಾರಿಯನ್ನು ಬಿಟ್ಟವನು ಫ್ರಾನ್ಸಿನ ಆಂತ್ವಾನ್ ದ ಪ್ಲುವಿನೆಲ್. ಹದಿಮೂರನೆಯ ಲೂಯಿ ದೊರೆಗೆ ಸವಾರಿ ಕಲಿಸಿದ ಗುರು ಅವನು. 1620ರಲ್ಲಿ ಅವನು ತೀರಿಕೊಂಡ ಮೇಲೆ, 1623ರಲ್ಲಿ, ಅವನ ಗ್ರಂಥ ಸೊಗಸಾದ ಚಿತ್ರಗಳೊಡನೆ ಹೊರಬಂದಿತು. ಅರಸ ಪ್ರಶ್ನೆ ಕೇಳುವುದು, ಗುರು ಉತ್ತರಿಸುವುದು, ಇದು ಅದರ ಕ್ರಮ. ಕುದುರೆಯ ಕಾಲುಗಳಿಗಿಂತ ಮೊದಲು ಅದರ ಬುದ್ಧಿಗೆ ಕೆಲಸ ಕೊಡಬೇಕೆಂಬುದು ಅವನ ನಿಲುವು. ಎರಡು ಕಂಬಗಳ ನಡುವೆ ಕುದುರೆಯನ್ನು ನಿಲ್ಲಿಸಿ, ಸವಾರನ ಭಾರವಿಲ್ಲದೆ ಪಾಠ ಹೇಳುವ ಪದ್ಧತಿಗೆ ಅವನ ಹೆಸರು ಅಂಟಿಕೊಂಡಿದೆ.

ಮುಂದಿನ ಶತಮಾನದಲ್ಲಿ ಫ್ರಾನ್ಸಿನವನೇ ಆದ ಲಾ ಗೆರಿನಿಯೇರ್ ತನ್ನ 'ಅಶ್ವಶಾಲೆ'ಯ ಗ್ರಂಥವನ್ನು 1733ರಲ್ಲಿ ಪೂರ್ಣರೂಪದಲ್ಲಿ ಹೊರತಂದನು. ಅದರ ಹೃದಯಭಾಗದಲ್ಲಿರುವುದು 'ಒಳಭುಜ'ದ ಅಭ್ಯಾಸ. ಅದು ಕುದುರೆಯ ಮೊದಲ ಪಾಠವೂ ಹೌದು, ಕೊನೆಯ ಪಾಠವೂ ಹೌದೆಂದು ಅವನು ಭಾವಿಸಿದ್ದನು.

ಗೋಡೆಯ ಪಕ್ಕದ ಹೆಜ್ಜೆಗಳು

ಈ ಅಭ್ಯಾಸವೇನೆಂದು ಸ್ಥೂಲವಾಗಿ ನೋಡಬಹುದು. ಕುದುರೆಯ ಮೂಗಿನ ಎಲುಬಿನ ಮೇಲೆ ಮೆತ್ತೆಯಿಟ್ಟ, ಮುಂದೆ ಉಂಗುರವುಳ್ಳ ಒಂದು ಪಟ್ಟಿಯನ್ನು ತೊಡಿಸುತ್ತಾರೆ. 'ಕವೆಸನ್' ಎಂದು ಅದರ ಹೆಸರು. ಕಲಿಯುವವನ ಒರಟು ಕೈ ಕುದುರೆಯ ಬಾಯಿಯನ್ನು ನೋಯಿಸದಿರಲೆಂದು ಹಗ್ಗವನ್ನು ಕಡಿವಾಣಕ್ಕಲ್ಲದೆ ಇದಕ್ಕೆ ಕಟ್ಟುತ್ತಾರೆ. ಮೊದಲ ಪಾಠ ಬಹಳ ಸರಳ: ಮನುಷ್ಯ ನಡೆದರೆ ನಡೆಯುವುದು, ನಿಂತರೆ ನಿಲ್ಲುವುದು. ಇದು ಗಟ್ಟಿಯಾದ ಮೇಲೆ ಕುದುರೆಯನ್ನು ಗೋಡೆಯ ಉದ್ದಕ್ಕೂ ನಡೆಸುತ್ತಾರೆ. ಅದರ ಮುಂಭಾಗವನ್ನು ಗೋಡೆಯಿಂದ ತುಸು ಒಳಕ್ಕೆ ತಂದು, ಮೈಯನ್ನು ಕಲಿಸುವವನ ಕಡೆಗೆ ಮೆಲ್ಲಗೆ ಬಾಗಿಸಿ, ಓರೆಯಾಗಿ ಮುಂದಕ್ಕೆ ಸಾಗಿಸುತ್ತಾರೆ. ಆಗ ಒಳಬದಿಯ ಹಿಂಗಾಲು ಹೊಟ್ಟೆಯ ಕೆಳಗೆ ಮುಂದುಮುಂದಕ್ಕೆ ಬಂದು ನೆಲವೂರುತ್ತದೆ.

ಇದರಿಂದೇನು ಲಾಭ? ನಿಂತ ಕುದುರೆಯ ತೂಕದಲ್ಲಿ ಸುಮಾರು ನೂರಕ್ಕೆ ಅರವತ್ತು ಪಾಲು ಮುಂಗಾಲುಗಳ ಮೇಲೆ ಬೀಳುತ್ತದೆ. ಮನುಷ್ಯರಿಗಿರುವಂತೆ ಕುದುರೆಗೆ ಕೊರಳೆಲುಬಿಲ್ಲ. ಅದರ ಮುಂಗಾಲುಗಳು ಎದೆಗೂಡಿಗೆ ಸ್ನಾಯುಗಳ ಮೂಲಕವೇ ಜೋಡಣೆಗೊಂಡಿವೆ. ಇಂಥ ಮೈಯ ಮೇಲೆ ಸವಾರನೂ ಕುಳಿತರೆ ಮುಂಭಾಗ ಇನ್ನಷ್ಟು ಕುಗ್ಗುತ್ತದೆ. ಹಿಂಗಾಲುಗಳು ಬಾಗಿ ಭಾರ ಹೊರಲು ಕಲಿತರೆ ಮುಂಭಾಗ ಹಗುರವಾಗುತ್ತದೆ, ಬೆನ್ನು ಗಟ್ಟಿಯಾಗುತ್ತದೆ. ನಿಂತಲ್ಲಿಯೇ ಲಯಬದ್ಧವಾಗಿ ಕುಕ್ಕುಲೋಟದ ಹೆಜ್ಜೆ ಹಾಕುವ 'ಪಿಯಾಫ್', ಹಿಂಗಾಲುಗಳ ಮೇಲೆ ಕುಗ್ಗಿ ಮುಂಭಾಗವನ್ನೆತ್ತಿ ನಿಲ್ಲುವ 'ಲೆವಾಡ್' ಮೊದಲಾದ ಮನಮೋಹಕ ಭಂಗಿಗಳೆಲ್ಲ ಇದೇ ಬೇರಿನ ಹೂವುಗಳು. ಆದರೆ ಸ್ನಾಯು ಬಲಿಯಲು ತಿಂಗಳುಗಳು, ವರ್ಷಗಳು ಬೇಕು. ಪುಟ ಮುಗುಚಿದಷ್ಟು ಬೇಗ ಪಾಠ ಮುಗಿಸಹೊರಟವನು ಕುದುರೆಯ ಕೀಲುಗಳನ್ನು ಕೆಡಿಸುತ್ತಾನೆ.

ಬಾಯಿಂದ ಬಾಯಿಗೆ ಬಂದ ವಿದ್ಯೆ

ವಿಯೆನ್ನಾದ ಸ್ಪ್ಯಾನಿಷ್ ಅಶ್ವಶಾಲೆ ಈ ವಿದ್ಯೆಯ ದೇಗುಲ. 1735ರಲ್ಲಿ ಪೂರ್ಣಗೊಂಡ ಅದರ ಶ್ವೇತಭವನದಲ್ಲಿ ಲಿಪಿಜಾನ್ ತಳಿಯ ಕುದುರೆಗಳು ಇಂದಿಗೂ ತಾಲೀಮು ಮಾಡುತ್ತವೆ. ಅಲ್ಲಿ ಹಿರಿಯ ಸವಾರ ಕಿರಿಯನಿಗೆ ಬಾಯಿಮಾತಿನಿಂದ ಕಲಿಸುತ್ತಾನೆ. ಪಳಗಿದ ಕುದುರೆ ಎಳೆಯ ಸವಾರನಿಗೆ ಕಲಿಸುತ್ತದೆ. ಪಳಗಿದ ಸವಾರ ಎಳೆಯ ಕುದುರೆಗೆ ಕಲಿಸುತ್ತಾನೆ. ಸರಪಣಿಯ ಒಂದು ಕೊಂಡಿ ಕಳಚಿದರೆ ಎಲ್ಲವೂ ಹೋದಂತೆ.

ಅಂಥ ಅಪಾಯ ಎರಡನೆಯ ಮಹಾಯುದ್ಧದಲ್ಲಿ ಎದುರಾಯಿತು. ಶಾಲೆಯ ನಿರ್ದೇಶಕ ಅಲೋಯಿಸ್ ಪೋಧಾಯ್ಸ್ಕಿ ಕುದುರೆಗಳನ್ನು ವಿಯೆನ್ನಾದಿಂದ ಹಳ್ಳಿಗಾಡಿಗೆ ಸಾಗಿಸಿದನು. 1945ರ ಮೇ 7ರಂದು ಅಮೆರಿಕದ ಸೇನಾನಿ ಪ್ಯಾಟನ್ನನ ಎದುರು ಅವುಗಳ ಪ್ರದರ್ಶನ ನಡೆಸಿ ರಕ್ಷಣೆ ಬೇಡಿದನು. ಬೇಡಿಕೆ ಈಡೇರಿತು. ಶಾಲೆ ಮರಳಿ ವಿಯೆನ್ನಾ ಸೇರಿದ್ದು 1955ರಲ್ಲಿ. ನಿವೃತ್ತನಾದ ಮರುವರ್ಷವೇ, 1965ರಲ್ಲಿ, ಪೋಧಾಯ್ಸ್ಕಿ ಶಾಸ್ತ್ರೀಯ ಸವಾರಿಯನ್ನು ಕುರಿತು ಗ್ರಂಥವೊಂದನ್ನು ಪ್ರಕಟಿಸಿದನು. ನೆಲದ ಮೇಲಿನ ಪಾಠಗಳೂ ಅದರಲ್ಲಿ ಸೇರಿವೆ. ಕೊಂಡಿ ಕಳಚುವ ಭಯವನ್ನು ಕಂಡವನು ಬರೆದಿಡುವುದರ ಬೆಲೆಯನ್ನು ಅರಿಯದಿರುವನೆ? ಈ ಶಾಲೆಯ ಕಲೆಯನ್ನು 2015ರಲ್ಲಿ ಯುನೆಸ್ಕೊ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ನಮ್ಮ ನಾಡೂ ಈ ಆಸೆಗೆ ಹೊರತಲ್ಲ. ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತ 'ಮಾನಸೋಲ್ಲಾಸ'ದಲ್ಲಿ ಕುದುರೆಯ ವಾಹ್ಯಾಲಿಗೇ ಒಂದು ಪ್ರಕರಣವಿದೆ. ಕನ್ನಡ ಕಾವ್ಯಗಳ 'ವೈಹಾಳಿ' ಇದರ ತದ್ಭವವೇ. ಕುದುರೆಗಳನ್ನು ನೋಡಿಕೊಳ್ಳುವವನಿಗೆ 'ಸಾಹಣಿ' ಎಂಬ ಹೆಸರಿತ್ತು. ಪದಗಳು ನಿಘಂಟಿನಲ್ಲಿ ಉಳಿದಿವೆ. ಆದರೆ ಸಾಹಣಿಯ ಕೈಯಲ್ಲಿದ್ದ ಚಳಕ ಪದದೊಡನೆ ಬರುವುದಿಲ್ಲ.

ಪುಸ್ತಕವನ್ನು ಓದುವ ಬಗೆ

ಹಾಗಾದರೆ ಗ್ರಂಥ ನಿಷ್ಪ್ರಯೋಜಕವೆ? ಅಲ್ಲ. ಯಾವ ಪಾಠದ ಹಿಂದೆ ಯಾವುದು ಬರಬೇಕು, ಏಕೆ ಬರಬೇಕು ಎಂಬ ಕ್ರಮವನ್ನು ಅದು ತಿಳಿಸುತ್ತದೆ. ಗೋಜಲಾದಾಗ ಹಿಂದಿನ ಪಾಠಕ್ಕೆ ಮರಳುವ ದಾರಿ ತೋರುತ್ತದೆ. ಹಗ್ಗವನ್ನು ಎಂದೂ ಕೈಗೆ ಸುತ್ತಿಕೊಳ್ಳಬಾರದು, ಕೈಗವಸು ತೊಡಬೇಕು, ಪಾಠ ಚಿಕ್ಕದಾಗಿರಬೇಕು ಎಂಬಂಥ ಎಚ್ಚರಿಕೆಗಳನ್ನು ಕೊಡುತ್ತದೆ. ಅದು ಕೊಡಲಾರದ್ದು ಒಂದೇ: ಕ್ಷಣ. ಕುದುರೆ ಒತ್ತಡಕ್ಕೆ ಮಣಿದೊಡನೆ ಕೈ ಸಡಿಲಬೇಕು. ಆ ಸಡಿಲಿಕೆಯೇ ಅದಕ್ಕೆ ಬಹುಮಾನ, ಅದೇ ಅದರ ಭಾಷೆಯಲ್ಲಿ 'ಸರಿ' ಎಂಬ ಮಾತು. ತುಸು ತಡವಾದರೂ ಅದು ಬೇರೇನನ್ನೋ ಕಲಿತುಬಿಡುತ್ತದೆ.

ಆದುದರಿಂದ ಪುಸ್ತಕ ಹಿಡಿದು ಹೊರಟವನು ಅನುಭವಿಯೊಬ್ಬನ ಕಣ್ಣೆದುರಿನಲ್ಲಿ ಕಲಿಯುವುದು ಲೇಸು. ಪುಟದಲ್ಲಿ ಓದಿದ್ದಕ್ಕಿಂತ ಕುದುರೆಯ ಕಿವಿ, ಉಸಿರು, ಬಾಲಗಳಲ್ಲಿ ಕಾಣುವುದನ್ನು ಹೆಚ್ಚಾಗಿ ನಂಬುವುದು ಇನ್ನೂ ಲೇಸು. ಕಿವಿ ಹಿಂದಕ್ಕೆ ಒರಗಿದರೆ, ಉಸಿರು ಬಿಗಿದರೆ, ಬಾಲ ಚಡಪಡಿಸಿದರೆ ಪಾಠ ಅದಕ್ಕೆ ಹಿಡಿಸಿಲ್ಲವೆಂದೇ ಅರ್ಥ. ಅರ್ಧಶತಮಾನವೇ ಕುದುರೆಗಳೊಡನೆ ಬಾಳಿದ ಪೋಧಾಯ್ಸ್ಕಿ 1968ರಲ್ಲಿ ತನ್ನ ನೆನಪುಗಳನ್ನು ಬರೆದಾಗ ಆ ಪುಸ್ತಕಕ್ಕೆ ಇಟ್ಟ ಹೆಸರು, ಕುದುರೆಗಳೇ ನನ್ನ ಗುರುಗಳು ಎಂಬ ಅರ್ಥದ್ದು. ಗ್ರಂಥ ಓದುವವರು ಮೊದಲು ಮನನ ಮಾಡಬೇಕಾದ ಪಾಠ ಬಹುಶಃ ಆ ಹೆಸರಿನಲ್ಲಿಯೇ ಇದೆ.